ಸಾಕು ಅಂದಮೇಲೆ ಇನ್ನೊಂದು

ಮಾರ್ಚ್ ೨, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಣ್ಣನಿಗೆ,

ನಿನ್ನ ತಮ್ಮನ ನಮಸ್ಕಾರ. ಕಾಗದ ಬರೆಯುತ್ತೇನೆ ಬರೆಯುತ್ತೇನೆ ಎಂದು ಎರಡು ತಿಂಗಳು ತಳ್ಳಿದ್ದಕ್ಕೆ ಬೈಯಬೇಡ. ಬಿಡುವಿರಲಿಲ್ಲ ಎಂದು ಬರೆಯಬಹುದಿತ್ತು, ಆದರೆ ಅದು ಸುಳ್ಳು. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ನನಗೆ ಬಿಡುವೋ ಬಿಡುವು. ಕೂತು ಬರೆಯುವ ಅಭ್ಯಾಸ ಶಾಲೆಯ ಜೊತೆಗೇ ಹೋಯಿತು, ಅದೊಂದು. ಕೂತರೆ ಕಾಲು ತಾನಾಗಿಯೇ ಕುಣಿಯುತ್ತದೆ, ಅದಿನ್ನೊಂದು. ಈಗಲೂ ಕುಣಿಯುತ್ತಿದೆ, ಅಕ್ಷರ ನೋಡಿದರೆ ನಿನಗೇ ಗೊತ್ತಾಗುತ್ತದೆ.

ಫೋನಿನಲ್ಲೇ ಹೇಳಬಹುದಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ನನಗೆ ಕೇಳಿಸಲಿ ಎಂದು ಗಂಟಲು ಹರಿಯುವ ಹಾಗೆ ಕೂಗುತ್ತೀಯ. ಆ ಕಡೆ ಅತ್ತಿಗೆ, ಪಾಪು, ಪಕ್ಕದ ಮನೆಯವರು ಎಲ್ಲರೂ ಕಿವಿಗೊಟ್ಟು ನಿಂತಿರುತ್ತಾರೆ. ಅಷ್ಟು ಜೋರಾಗಿ ಕೂಗುವವನಿಗೆ ಕೆಲವು ಮಾತು ಹೇಳಲು ಬಾಯಿ ಬರುವುದಿಲ್ಲ. ಅದಕ್ಕೇ ಈ ಕಾಗದ.

ನಾನು ಚೆನ್ನಾಗಿದ್ದೇನೆ. ಊಟ ಸರಿಯಾಗಿ ಸಿಗುತ್ತದೆಯೇ ಎಂದು ಅತ್ತಿಗೆ ಕೇಳಿದ್ದರು. ಸಿಗುತ್ತದೆ, ರುಚಿ ಸಿಗುವುದಿಲ್ಲ ಅಷ್ಟೇ ಎಂದು ಹೇಳು.

ನಾನಿರುವ ಜಾಗವನ್ನು ನೀನು ನೋಡಿಲ್ಲ. ಮೇಜು ಕುರ್ಚಿ ಮಾರುವ ಅಂಗಡಿಯೊಂದರ ಕೆಳಗೆ, ನೆಲಮಾಳಿಗೆಯಲ್ಲಿರುವ ಜಿಮ್ ಇದು. ಹದಿನಾರು ಮೆಟ್ಟಿಲು ಇಳಿಯಬೇಕು. ಕಿಟಕಿ ಇಲ್ಲ. ಗಾಳಿ ಹೊರಗೆ ಎಳೆಯುವ ಒಂದು ಫ್ಯಾನು ಇದೆ, ಅದು ಎಳೆಯುವುದಕ್ಕಿಂತ ಗೊಣಗುವುದೇ ಹೆಚ್ಚು. ಮೂರು ಗೋಡೆಗೆ ಕನ್ನಡಿ. ಎತ್ತ ತಿರುಗಿದರೂ ನಾನೇ ನಿಂತಿರುತ್ತೇನೆ. ಸೂರು ತಗ್ಗು, ನಡುವೆ ಒಂದು ತೊಲೆ ಹಾದುಹೋಗಿದೆ. ಕೈ ಪೂರ್ತಿ ಎತ್ತಿದರೆ ಸಮ್ಮಟಿಗೆ ಅದಕ್ಕೆ ತಾಗುತ್ತದೆ, ಹಾಗಾಗಿ ಮುಕ್ಕಾಲು ಎತ್ತಿ ಇಳಿಸುವುದನ್ನು ಹೊಸದಾಗಿ ಕಲಿತಿದ್ದೇನೆ. ಮಲಗುವುದೂ ಇಲ್ಲೇ, ವ್ಯಾಯಾಮದ ಚಾಪೆಗಳನ್ನು ಒಂದರ ಮೇಲೊಂದು ಹಾಕಿಕೊಂಡು. ಕೆಲವು ದಿನ ಹಾಲು ತರಲು ಹೋದದ್ದು ಬಿಟ್ಟರೆ ಮೆಟ್ಟಿಲು ಹತ್ತುವುದೇ ಇಲ್ಲ.

ಒಂದು ಮೂಲೆಯಲ್ಲಿ ದೊಡ್ಡ ಟ್ರಕ್ಕಿನ ಟೈರನ್ನು ಅಡ್ಡ ಮಲಗಿಸಿದ್ದಾರೆ. ಅದರ ಪಕ್ಕ ನಾಲ್ಕು ಕಿಲೋ, ಆರು ಕಿಲೋ, ಎಂಟು ಕಿಲೋ ಸಮ್ಮಟಿಗೆಗಳು. ನನ್ನ ರಾಜ್ಯ ಅಷ್ಟೇ. ಬಂದವರಿಗೆಲ್ಲ ಟೈರಿಗೆ ಹೊಡೆಯುವುದನ್ನು ಕಲಿಸಬೇಕು. ಒಂದು ಕೈ ಹಿಡಿಯ ತುದಿಯಲ್ಲಿ, ಇನ್ನೊಂದು ಕೈ ಕಬ್ಬಿಣದ ಹತ್ತಿರ. ಇಳಿಸುವಾಗ ಮೇಲಿನ ಕೈ ಜಾರಿ ಕೆಳಗಿನ ಕೈಯನ್ನು ಸೇರಬೇಕು. ಮಂಡಿ ಸಡಿಲ, ಸೊಂಟ ಹಿಂದಕ್ಕೆ, ಏಟು ಬೀಳುವಾಗ ಉಸಿರು ಹೊರಕ್ಕೆ. ಬಲಗಡೆಯಿಂದ ಹತ್ತು, ಎಡಗಡೆಯಿಂದ ಹತ್ತು. ಇಪ್ಪತ್ತು ಸೆಕೆಂಡು ಹೊಡೆತ, ನಲವತ್ತು ಸೆಕೆಂಡು ವಿರಾಮ. ನನ್ನ ಇಡೀ ದಿನ ಒಂದೊಂದು ನಿಮಿಷದ ತುಂಡಾಗಿ ಹೋಗಿದೆ. ಕಟ್ಟಡ ಒಡೆಯುವಾಗ ನಮಗೆ ಕೂಲಿ ಕೊಟ್ಟು ಮಾಡಿಸುತ್ತಿದ್ದ ಕೆಲಸವನ್ನು ಇವರು ತಾವೇ ದುಡ್ಡು ಕೊಟ್ಟು ಮಾಡುತ್ತಾರೆ ಎಂದರೆ ನೀನು ನಗುತ್ತೀಯ. ನಾನೂ ಮೊದಲ ವಾರ ನಕ್ಕೆ. ಈಗ ನಗು ಬರುವುದಿಲ್ಲ. ಗೋಡೆಗೆ ಹೊಡೆದರೆ ಸಂಜೆ ಹೊತ್ತಿಗೆ ಗೋಡೆ ಇರುತ್ತಿರಲಿಲ್ಲ, ಆಚೆ ಕಡೆಯ ಬೆಳಕು ಕಾಣುತ್ತಿತ್ತು. ಟೈರಿಗೆ ಎಂಟು ತಿಂಗಳಿಂದ ಹೊಡೆಸುತ್ತಿದ್ದೇನೆ, ಒಂದು ಗೀರೂ ಇಲ್ಲ. ಕೊಟ್ಟ ಏಟನ್ನು ಹಾಗೇ ಮೇಲಕ್ಕೆಸೆಯುತ್ತದೆ.

ಮಾಲೀಕರನ್ನು ಎಲ್ಲರೂ ಕೋಚ್ ಎನ್ನುತ್ತಾರೆ. ಕುತ್ತಿಗೆಯೇ ಇಲ್ಲದ ಮನುಷ್ಯ, ತಲೆ ನೇರವಾಗಿ ಭುಜದ ಮೇಲೆ ಕೂತಿದೆ. ಕೆಟ್ಟವರಲ್ಲ. ಆದರೆ ನನ್ನ ಬಾಯಿ ಅವರಿಗೆ ಆಗುವುದಿಲ್ಲ. ಹೋದ ವಾರ ಬ್ಯಾಂಕಿನವರೊಬ್ಬರು ಬಂದು, "ತಿಂಗಳಲ್ಲಿ ಹೊಟ್ಟೆ ಕರಗುತ್ತೇನಪ್ಪಾ?" ಎಂದು ಕೇಳಿದರು. "ಇಲ್ಲ ಸಾರ್" ಎಂದೆ. "ಎರಡು ತಿಂಗಳಲ್ಲಿ?" "ನೀವು ತಿನ್ನೋದು ನೋಡಿದ್ರೆ ಆಗಲ್ಲ ಸಾರ್." ಅವರು ಮತ್ತೆ ಬರಲಿಲ್ಲ. ಕೋಚ್ ಹಣೆ ಹಣೆ ಬಡಿದುಕೊಂಡರು. ಪರೀಕ್ಷೆಯ ದಿನ ಮೇಷ್ಟ್ರು ಬೋರ್ಡಿನ ಮೇಲೆ ಉತ್ತರ ಬರೆದುಕೊಟ್ಟಾಗ ಇಡೀ ತರಗತಿ ನಕಲು ಮಾಡಿ, ನಾನೊಬ್ಬ ಮಾಡದೆ ಫೇಲಾಗಿ ಮನೆಗೆ ಬಂದದ್ದು ನೆನಪಿದೆಯಲ್ಲ? ಆವತ್ತು ನೀನು ಬೈಯಲಿಲ್ಲ. "ಇವನ ಹೊಟ್ಟೇಲಿ ಒಂದು ಸುಳ್ಳೂ ಒಂದು ಹೊತ್ತು ನಿಲ್ಲಲ್ಲ, ಇವನನ್ನ ಶಾಲೆಯೋರು ಹೆಂಗೆ ಇಟ್ಕೋತಾರೆ" ಎಂದು ಅತ್ತಿಗೆಯ ಹತ್ತಿರ ಹೇಳಿ ನಕ್ಕೆ.

ಇನ್ನೊಂದು ಸಂಗತಿ. ನನ್ನನ್ನು ಇಲ್ಲಿಗೆ ಸೇರಿಸುವಾಗ ನೀನು ಕೋಚ್‌ಗೆ ಒಂದು ಚೀಟಿ ಕಳಿಸಿದ್ದೆ, "ಹುಡುಗ ಬಲು ಒಳ್ಳೆಯವನು, ಕಿವಿ ಸ್ವಲ್ಪ ಮಂದ, ದಯವಿಟ್ಟು ಜೋರಾಗಿ ಮಾತಾಡಿ" ಎಂದು. ಅವರು ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಾರೆ. ಕೋಚ್ ಕೂಗುತ್ತಾರೆ, ಅವರನ್ನು ನೋಡಿ ಬಂದವರೂ ಕೂಗುತ್ತಾರೆ. ನನ್ನ ಹೆಸರು ಈಗ ಕಿವುಡ. "ಕಿವುಡಾ, ಆರು ಕಿಲೋದು ಕೊಡೋ!" ಎಂದು ಒಂದು ಮೊಳ ದೂರದಿಂದ ಕೂಗಿದಾಗ ಕನ್ನಡಿಗಳೂ ಅದುರುತ್ತವೆ.

ಕೋಚ್ ಬಂದರು. ಉಳಿದದ್ದು ಆಮೇಲೆ.

ಮಾರ್ಚ್ ೪, ಗುರುವಾರ

ಮೊನ್ನೆ ಎದ್ದವನು ಇವತ್ತು ಕೂತಿದ್ದೇನೆ. ನಿನ್ನೆ ಒಂದು ಎಡವಟ್ಟಾಯಿತು, ಅದನ್ನು ಬರೆಯುತ್ತೇನೆ.

ಟೈರಿನ ಹಿಂದಿನ ಗೋಡೆಯ ಮೇಲೆ ಕೋಚ್ ಕೆಂಪು ಬಣ್ಣದಲ್ಲಿ ತಾವೇ ಬರೆದಿದ್ದಾರೆ: "ಸಾಕು ಅಂದಮೇಲೆ ಇನ್ನೊಂದು." ಅವರ ತರಬೇತಿಯ ಸಾರ ಅದೇ. ಹೊಡೆಯುವವರು ಸುಸ್ತಾಗಿ ಸಾಕು ಎಂದರೆ, ಪಕ್ಕದಲ್ಲಿ ನಿಂತ ನಾನು "ಇನ್ನೊಂದು!" ಎಂದು ಕೂಗಬೇಕು. ಆ ಒಂದು ಏಟಿನಿಂದಲೇ ಬಲ ಬರುವುದು, ಅದಕ್ಕಿಂತ ಮುಂಚಿನವೆಲ್ಲ ಬರೀ ಬೆವರು ಎನ್ನುತ್ತಾರೆ. ಇರಬಹುದು. ಅವರಿಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ. ಆದರೆ ನನ್ನ ಬಾಯಿಂದ ಆ ಮಾತು ಹೊರಡುವುದಿಲ್ಲ ಅಣ್ಣ. ಎಂಟು ತಿಂಗಳಿಂದ ಹೊರಟಿಲ್ಲ. ಯಾರು ಸಾಕು ಎಂದರೂ ನಾನು "ಆಯ್ತು, ಇಳಿಸಿ" ಎನ್ನುತ್ತೇನೆ. ಕಿವುಡ, ಸರಿಯಾಗಿ ಕೇಳಿಸಿಲ್ಲ ಎಂದು ಕೋಚ್ ಇಷ್ಟು ದಿನ ಬಿಟ್ಟಿದ್ದರು.

ಬೆಳಗಿನ ಪಾಳಿ ಮುಗಿಸಿ ಒಬ್ಬ ನರ್ಸಕ್ಕ ಬರುತ್ತಾರೆ. ಐವತ್ತರ ಹತ್ತಿರ, ನನ್ನ ಎದೆಯೆತ್ತರ ಇದ್ದಾರೆ. ರೋಗಿಗಳನ್ನು ಎತ್ತಿ ಮಗ್ಗುಲು ಬದಲಿಸುವ ಕೆಲಸ. ಒಂದು ಸಲ ಒಬ್ಬ ಅಜ್ಜ ಅವರ ಕೈಯಿಂದ ಜಾರಿಬಿಟ್ಟರಂತೆ, ಅದಾದ ಮೇಲೆ ಇಲ್ಲಿ ಸೇರಿದರು. "ಇನ್ನು ಹತ್ತು ವರ್ಷ ಯಾರನ್ನೂ ಬೀಳಿಸಬಾರದು, ಅಷ್ಟು ಶಕ್ತಿ ಕೊಡಪ್ಪಾ ಸಾಕು" ಎಂದು ಮೊದಲ ದಿನವೇ ಹೇಳಿದ್ದರು. ನಿನ್ನೆ ನಾಲ್ಕು ಕಿಲೋದಿಂದ ಆರಕ್ಕೆ ಏರಿದರು. ಎಂಟನೇ ಏಟಿಗೆ ಮುಖ ಕೆಂಪಾಯಿತು. "ಸಾಕು ಕಣೋ" ಎಂದರು. ಎಂದರೇ ಹೊರತು ನಿಲ್ಲಿಸಲಿಲ್ಲ, ಸಮ್ಮಟಿಗೆ ಆಗಲೇ ಭುಜದ ಮೇಲಕ್ಕೆ ಎದ್ದಿತ್ತು.

ನಾನು ಹಾರಿ ಹಿಡಿಯನ್ನು ಹಿಡಿದೆ. ಯಾಕೆ ಎಂದು ಕೇಳಬೇಡ, ಕೈ ತಾನಾಗಿಯೇ ಹೋಯಿತು. ಅವರು ಆಯ ತಪ್ಪಿ ಟೈರಿನ ನಡುವಿನ ತೂತಿನೊಳಗೆ ಧಸಕ್ಕನೆ ಕೂತುಬಿಟ್ಟರು. ಕಾಲು ಎರಡೂ ಹೊರಗೆ, ಮೈ ಒಳಗೆ. ಇದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು, ಮೊದಲು ನಕ್ಕವರು ಅವರೇ.

ಕೋಚ್ ಮಾತ್ರ ನಗಲಿಲ್ಲ. ನನ್ನ ಕಿವಿಗೆ ಬಾಯಿಟ್ಟು ಕೂಗಿದರು. "ಏನೋ ಕಿವುಡಾ! ಅವರು ಸಾಕು ಅಂದ್ರೆ ನೀನೇನು ಅನ್ಬೇಕು?"

"ಅವರು ಸಾಕು ಅಂದ್ರಲ್ಲ ಸಾರ್."

"ಅಂತಾರೆ ಕಣೋ! ಎಲ್ಲರೂ ಅಂತಾರೆ! ಅದು ಬಾಯಿ ಅನ್ನೋದು, ಮೈ ಅನ್ನೋದಲ್ಲ. ಬಾಯಿ ಮಾತು ಯಾರು ಕೇಳ್ತಾರೆ?"

"ನಾನು ಕೇಳ್ತೀನಿ ಸಾರ್."

"ಹಂಗಾದ್ರೆ ಕಸಬರಿಗೆ ಹಿಡ್ಕೋ. ಇನ್ನೊಂದು ಅನ್ನೋಕೆ ಬಾಯಿ ಬರದೋನು ನನಗೆ ಟೈರಿನ ಹತ್ರ ಬೇಡ. ಹದಿನೈದನೇ ತಾರೀಖಿನ ತನಕ ನೋಡ್ತೀನಿ."

ನನಗೆ ಕಸಬರಿಗೆಯ ಭಯವಿಲ್ಲ. ಆದರೆ ಸಮ್ಮಟಿಗೆ ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ. ಅದನ್ನು ಹೊರಗೆ ಹಿಡಿಯುವ ಹಾಗೂ ಇಲ್ಲ. ನಿನ್ನ ಕೈಗೆ ಏಟಾದ ಮೇಲೆ ನಮ್ಮ ಗುಂಪಿನ ಯಾರೂ ನನಗೆ ಉಳಿ ಹಿಡಿಯಲು ಒಪ್ಪಲಿಲ್ಲ, ನಿನಗೂ ಗೊತ್ತು. ಮೇಸ್ತ್ರಿ ಮೆತ್ತಗೆ, "ನೀನು ಒಬ್ಬನೇ ಮಾಡೋ ಕೆಲಸ ನೋಡ್ಕೋಪ್ಪ" ಎಂದರು. ಟೈರಿನ ಮುಂದೆ ಯಾರೂ ಕೂತು ಉಳಿ ಹಿಡಿಯಬೇಕಾಗಿಲ್ಲ. ಅದಕ್ಕೇ ನೀನು ಈ ಜಾಗ ಹುಡುಕಿಕೊಟ್ಟೆ. ನನಗೂ ಅದಕ್ಕೇ ಇದು ಸರಿ ಅನ್ನಿಸಿತ್ತು.

ಉಳಿದವರೆಲ್ಲ ಹೋದ ಮೇಲೆ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಚಾಪೆ ಸುತ್ತಿಡುತ್ತಿದ್ದೆ. ಅಲ್ಲಿ ಕನ್ನಡಿಯಿಲ್ಲ, ಬೆನ್ನ ಹಿಂದಿರುವವರ ತುಟಿ ಕಾಣುವುದಿಲ್ಲ. ನರ್ಸಕ್ಕ ಬೆಂಚಿನ ಮೇಲೆ ಕೂತು ಬೂಟು ಬಿಚ್ಚುತ್ತಿದ್ದವರು, ಪಿಸುದನಿಯಲ್ಲಿ, ತಮಗೆ ತಾವೇ ಹೇಳಿಕೊಂಡ ಹಾಗೆ, "ಇವನ ಬೆನ್ನ ಮೇಲೆ ಜಿರಳೆ ಹೋಗ್ತಿದೆ" ಎಂದರು. ನಾನು ಚಾಪೆ ಬಿಸಾಕಿ ಕುಣಿದಾಡಿದೆ.

"ಜಿರಳೆ ಇಲ್ಲ" ಎಂದರು. "ನಿನಗೆ ಕಿವಿಯೂ ಕೆಟ್ಟಿಲ್ಲ. ಮಾತ್ರೆ ಬೇಡ ಅಂತ ಕೇಳಿಸದ ಹಾಗೆ ನಾಟಕ ಆಡೋರನ್ನ ನಮ್ಮ ವಾರ್ಡಲ್ಲಿ ಹೀಗೇ ಹಿಡಿಯೋದು."

"ನಾನು ಕಿವುಡ ಅಂತ ಯಾವತ್ತೂ ಹೇಳಿಲ್ಲ ಅಕ್ಕ."

"ಅಲ್ಲ ಅಂತ ಹೇಳಿದ್ದೀಯಾ?"

ಅವರು ಒಂದು ಬೂಟು ಕೈಯಲ್ಲಿ ಹಿಡಿದು ಕಾಯುತ್ತ ಕೂತರು. ಆಗ ನಮ್ಮ ಕೆಲಸದ ರೀತಿಯನ್ನು ಹೇಳಿದೆ. ಒಬ್ಬ ಕೂತು ಉಳಿಯನ್ನು ಕಾಂಕ್ರೀಟಿಗೆ ಒತ್ತಿ ಹಿಡಿಯುತ್ತಾನೆ, ಇನ್ನೊಬ್ಬ ನಿಂತು ಸಮ್ಮಟಿಗೆಯಿಂದ ಹೊಡೆಯುತ್ತಾನೆ. ಕೂತವನು "ಹಾಕು" ಎಂದರೆ ಹೊಡೆಯಬೇಕು, "ಸಾಕು" ಎಂದರೆ ನಿಲ್ಲಿಸಬೇಕು. ಆವತ್ತು ಪಕ್ಕದಲ್ಲಿ ಕಬ್ಬಿಣ ಕೊಯ್ಯುವ ಯಂತ್ರ ಓಡುತ್ತಿತ್ತು. ಅಣ್ಣ ಸಾಕು ಅಂದ, ಏಟು ಬಿತ್ತು. ಉಂಗುರದ ಬೆರಳು, ಕಿರುಬೆರಳು ಎರಡೂ ಹೋದವು. ಸದ್ದಿನಲ್ಲಿ ಹುಡುಗನಿಗೆ "ಹಾಕು" ಎಂದು ಕೇಳಿಸಿದೆ ಎಂದು ಎಲ್ಲರೂ ಮಾತಾಡಿಕೊಂಡರು. ಈಗ ಆ ಗುಂಪಿನಲ್ಲಿ ಯಾರೂ ಸಾಕು ಎನ್ನುವುದಿಲ್ಲವಂತೆ, "ನಿಲ್ಲು" ಎನ್ನುತ್ತಾರಂತೆ.

ನರ್ಸಕ್ಕ "ಹಾಕು, ಸಾಕು" ಎಂದು ಬಾಯೊಳಗೇ ಎರಡು ಸಲ ಅಂದು ನೋಡಿದರು. "ಹೌದು, ಗದ್ದಲದಲ್ಲಿ ಎರಡೂ ಒಂದೇ ಥರ" ಎಂದರು. ಆಮೇಲೆ ನನ್ನ ಮುಖ ನೋಡಿ ಕೇಳಿದರು, "ನಿನಗೆ ಹಂಗೇ ಕೇಳಿಸ್ತಾ?"

"ನೀರು ಬೇಕಾ ಅಕ್ಕ?" ಎಂದೆ.

ಮಾರ್ಚ್ ೬, ಶನಿವಾರ

ನಿನ್ನೆ ಸಂಜೆ ನಿನ್ನ ಫೋನು ಬಂದ ಮೇಲೆ ಇದನ್ನು ಮುಗಿಸಲೇಬೇಕಾಗಿದೆ. ಹನ್ನೆರಡನೇ ತಾರೀಖಿಗೆ ರಜೆ ಹಾಕಿದ್ದೇನೆ, ಅಲ್ಲಿಗೆ ಬರುತ್ತೇನೆ, ಕಿವಿ ಡಾಕ್ಟರ ಹತ್ತಿರ ನಿನ್ನ ಹೆಸರು ಬರೆಸಿದ್ದೇನೆ, ಮಿಷನ್ ಹಾಕಿಸಿಯೇ ವಾಪಸು ಹೋಗುವುದು ಎಂದು ನೀನು ಕೂಗಿದೆ. ಹಿಂದಿನಿಂದ ಪಾಪು, "ಚಿಕ್ಕಪ್ಪನಿಗೆ ಕೆಂಪು ಬಣ್ಣದ್ದು ತಗೋ ಅಪ್ಪಾ" ಎಂದು ಹೇಳುತ್ತಿದ್ದಳು. ಆಮೇಲೆ ನೀನು ಅಂದದ್ದು: "ಕಿವಿ ಒಂದು ಸರಿಯಾಗಲಿ ಕಣೋ, ಆ ಗೋದಾಮಿನ ಗೇಟು ಕಾಯೋ ಕೆಲಸ ಬಿಸಾಕ್ತೀನಿ. ಮತ್ತೆ ನಾವಿಬ್ಬರೇ ಜೋಡಿ ಕಟ್ಟೋಣ. ಯಾರೂ ಬರೋದು ಬೇಡ, ನಿನಗೆ ಉಳಿ ನಾನೇ ಹಿಡೀತೀನಿ. ಉಳಿ ಹಿಡಿಯೋಕೆ ಮೂರು ಬೆರಳು ಸಾಕು!"

ನಾನು "ಹೂಂ" ಎಂದೆ. ನಿನಗೆ ಅದು ಕೇಳಿಸಿತೋ ಇಲ್ಲವೋ.

ಅಣ್ಣ, ಬರುವುದು ಬೇಡ. ಡಾಕ್ಟರ ಹತ್ತಿರ ಬರೆಸಿದ ಹೆಸರನ್ನು ತೆಗೆಸು. ನನ್ನ ಎರಡು ಕಿವಿಯೂ ಚೆನ್ನಾಗಿವೆ. ಮೊದಲಿನಿಂದಲೂ ಚೆನ್ನಾಗಿದ್ದವು. ಈ ನೆಲಮಾಳಿಗೆಯಲ್ಲಿ ಕೂತರೆ ಮೇಲಿನ ಅಂಗಡಿಯಲ್ಲಿ ಕುರ್ಚಿ ಎಳೆಯುವುದು, ಬೀದಿಯಲ್ಲಿ ಯಾರೋ ಚಪ್ಪಲಿ ಎಳೆದುಕೊಂಡು ಹೋಗುವುದು, ಕೊನೆಯ ಮೆಟ್ಟಿಲ ಹತ್ತಿರದ ನಲ್ಲಿ ತೊಟ್ಟಿಕ್ಕುವುದು ಎಲ್ಲ ನನಗೆ ಕೇಳಿಸುತ್ತದೆ. ನಿನಗೆ ಏಟಾದ ಮೇಲೆ ಮೂರು ತಿಂಗಳು ನಾನು ಯಾರು ಕರೆದರೂ ಓ ಎನ್ನುತ್ತಿರಲಿಲ್ಲ, ತಲೆ ಎತ್ತುತ್ತಿರಲಿಲ್ಲ. ಅತ್ತಿಗೆ ಅದನ್ನು ನೋಡಿ, "ಪಾಪ, ಇವನಿಗೆ ಕಿವಿಯೇ ಕೇಳಿಸಲ್ಲ ಕಣ್ರೀ, ಅದಕ್ಕೇ ಹಂಗಾಯ್ತು" ಎಂದು ತೀರ್ಮಾನ ಮಾಡಿದರು. ಅಷ್ಟು ದಿನ ನನ್ನ ಮೇಲೆ ಸಿಟ್ಟಿನಲ್ಲಿದ್ದವರು ಆವತ್ತು ತಾವೇ ತಟ್ಟೆ ತಂದು ಮುಂದಿಟ್ಟರು. ನಾನು ಊಟ ಮಾಡಿದೆ. ಅಲ್ಲ ಎನ್ನಲಿಲ್ಲ. ಒಂದು ದಿನ ಅನ್ನಲಿಲ್ಲ, ಎರಡನೇ ದಿನ ಅನ್ನಲಿಲ್ಲ, ಆಮೇಲೆ ಅನ್ನುವುದಕ್ಕೆ ದಾರಿಯೇ ಉಳಿಯಲಿಲ್ಲ. ನೀನು ಕೂಗುತ್ತಾ ಹೋದೆ, ನಾನು ಒಳಗೆ ಒಳಗೆ ಹೋದೆ. ಈ ಹದಿನಾರು ಮೆಟ್ಟಿಲಿಗಿಂತ ಮುಂಚೆಯೇ ಇಳಿದಿದ್ದೆ ಎಂದು ಕಾಣುತ್ತದೆ.

ಜೋಡಿ ಕಟ್ಟುವ ಮಾತು ಮತ್ತೆ ಎತ್ತಬೇಡ. ನೀನು ನನ್ನ ಮುಂದೆ ಉಳಿ ಹಿಡಿದು ಕೂರುವುದು ನನಗೆ ಬೇಡ. ಗೇಟಿನ ಕೆಲಸವನ್ನು ಬಿಡಬೇಡ. ನನ್ನ ಕಥೆ ಹದಿನೈದಕ್ಕೆ ಏನಾಗುತ್ತದೋ ಆಗಲಿ.

ಅತ್ತಿಗೆಗೆ ನನ್ನ ನಮಸ್ಕಾರ. ಪಾಪುಗೆ ಮುತ್ತು. ಕೆಂಪು ಬಣ್ಣದ್ದು ಬೇಡವಂತೆ ಎಂದು ಹೇಳು. ನಿನ್ನ ಆಶೀರ್ವಾದ ಕೇಳುವ ಮುಖ ಈಗ ನನಗಿಲ್ಲ. ನೀವು ಮೂವರೂ ಚೆನ್ನಾಗಿರಿ, ಅಷ್ಟು ಸಾಕು.

ನಿನ್ನ ತಮ್ಮ

ತಾ.ಕ.: ಕವರಿಗೆ ಅಂಟು ಹಚ್ಚಿ ಮತ್ತೆ ಬಿಡಿಸಿದ್ದೇನೆ. ಇಷ್ಟೇ ಓದಿದರೆ ನೀನು, "ಹೋಗಲಿ ಬಿಡು, ಕಿವಿ ಚೆನ್ನಾಗಿದ್ದರೂ ಯಂತ್ರದ ಸದ್ದಲ್ಲಿ ತಪ್ಪಾಗಿ ಕೇಳಿಸಿರುತ್ತೆ" ಎಂದುಕೊಂಡು ಹನ್ನೆರಡಕ್ಕೆ ಬಂದೇ ಬರುತ್ತೀಯ, ಉಳಿಯನ್ನೂ ಹಿಡಿದೇ ಹಿಡಿಯುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಸಾಕು ಅಂದದ್ದು ನನಗೆ ಕೇಳಿಸಿತ್ತು. ಹಾಕು ಎಂದಲ್ಲ, ಸಾಕು ಎಂದೇ. ಕಾಂಕ್ರೀಟು ಆಗತಾನೆ ಬಿರುಕು ಬಿಟ್ಟಿತ್ತು, ಇನ್ನೊಂದು ಏಟಿಗೆ ಎರಡು ಹೋಳಾಗುತ್ತಿತ್ತು. ಅದು ನನ್ನ ಏಟಿಗೇ ಒಡೆಯಬೇಕು ಎಂದು ನನಗಿತ್ತು. ಆವತ್ತು ಬೆಳಿಗ್ಗೆ ನಾನು ಲಾರಿಯವರ ಜೊತೆ ಊರು ಬಿಟ್ಟು ಹೋಗುತ್ತೇನೆ ಎಂದಾಗ ನೀನು ತಟ್ಟೆಯಿಂದ ತಲೆಯೆತ್ತದೆ "ಸಾಕು ನಿನ್ನ ಹುಚ್ಚು" ಎಂದಿದ್ದೆ. ಅದೇ ದನಿಯಲ್ಲಿ ಇದೂ ಬಂತು. ನಿನ್ನ ಕೈಗೆ ಹೊಡೆಯಬೇಕು ಎಂದು ನನಗಿರಲಿಲ್ಲ ಅಣ್ಣ. ನಿನ್ನ ಆ ಮಾತಿಗೆ ಹೊಡೆಯಬೇಕು ಎಂದಿತ್ತು. ಸಾಕು ಅಂದಮೇಲೆ ನೀನು ಹಿಡಿತ ಸಡಿಲಿಸಿ ಬೆರಳನ್ನು ಮೇಲಕ್ಕೆ, ಉಳಿಯ ತಲೆಯ ಹತ್ತಿರಕ್ಕೆ ಸರಿಸುತ್ತೀಯ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಇಳಿಸಿದೆ.

ಆಸ್ಪತ್ರೆಗೆ ಹೋಗುವಾಗ ಆಟೋದಲ್ಲಿ ನಿನ್ನ ತಲೆ ನನ್ನ ಭುಜದ ಮೇಲಿತ್ತು. ನನ್ನ ಅಂಗಿಯನ್ನೇ ನಿನ್ನ ಕೈಗೆ ಸುತ್ತಿದ್ದೆ. ಎಂಜಿನ್ನಿನ ಸದ್ದು, ಹಾರನ್ನಿನ ಸದ್ದು, ಡ್ರೈವರ್ ದಾರಿ ಬಿಡಿ ದಾರಿ ಬಿಡಿ ಎಂದು ಕೂಗುತ್ತಿದ್ದ. ನೀನು ಕಣ್ಣು ಮುಚ್ಚಿಕೊಂಡೇ, ತುಟಿಯೂ ಸರಿಯಾಗಿ ಅಲ್ಲಾಡದ ಹಾಗೆ, "ನಿನಗೆ ಕೇಳಿಸಲಿಲ್ಲ, ಅಲ್ವೇನೋ?" ಎಂದು ಕೇಳಿದೆ. ಅಷ್ಟು ಗದ್ದಲದಲ್ಲಿ, ಅಷ್ಟು ಮೆಲ್ಲಗೆ ನೀನು ಕೇಳಿದ್ದು ನನಗೆ ಒಂದಕ್ಷರ ಬಿಡದೆ ಕೇಳಿಸಿತು. ಇಲ್ಲ ಎಂದು ತಲೆಯಾಡಿಸಿದೆ.